ಒಂಬತ್ತು ಮಂದಿಯಾದ ಗುರುಬಸಪ್ಪನವರು

ಕಳೆದ ಭಾನುವಾರ ಬೆಳಿಗ್ಗೆ ಲಕ್ಷ್ಮೇಶ್ವರದ ಒಂದು ಕಲ್ಯಾಣ ಮಂಟಪದಲ್ಲಿ, ಹತ್ತಿರದ ಮಾಗಡಿಯಿಂದ ಒಬ್ಬರೇ ಬಂದ ಗುರುಬಸಪ್ಪನವರು ಒಂಬತ್ತು ಮಂದಿಯಾದರು.

ನಮ್ಮ ಅಣ್ಣನ ಮಗಳು ಅಶ್ವಿನಿಯ ನಿಶ್ಚಯ. ಗುರುಬಸಪ್ಪನವರು ವರನ ಸೋದರಮಾವ. ಅವರು ಎದ್ದು ಕಾಯಿ ಕೊಡದೆ ವರನ ಮನೆತನದಲ್ಲಿ ಯಾವ ಶಾಸ್ತ್ರವೂ ಮುಂದೆ ಹೋಗುವುದಿಲ್ಲ.

ಬೀಗರ ಸ್ವಾಗತದಲ್ಲಿ ಒಂದು ಹೆಸರು ತಪ್ಪಿದರೂ ಊಟ ಬಿಟ್ಟು ಹೋಗುವವರಿದ್ದಾರೆ. ಗದಗಿನ ಪತ್ರಿಕೆಯೊಂದರ ವೆಬ್ ವಿಭಾಗದಲ್ಲಿ ಜಾವಾ ಕೋಡ್ ಬರೆದು ಬದುಕುವ ನಾನು, ಈ ಸಮಸ್ಯೆಗೆ ಶಾಶ್ವತ ಪರಿಹಾರ ಒದಗಿಸುವುದಾಗಿ ಘೋಷಿಸಿದೆ! ಯಾವ ಮನೆತನದಿಂದ ಯಾರು ಬಂದರೆಂದು ಬಾಗಿಲಲ್ಲಿ ಮೊಬೈಲಿಗೆ ತುಂಬುವುದು. ನನ್ನ ವೆಬ್ ಸರ್ವಿಸ್ ಆ ಹೆಸರುಗಳನ್ನು ಅರೇ, ಅಂದರೆ ಒಂದು ಸಾಲಾಗಿ ಕಟ್ಟಿ, ವೇದಿಕೆಯ ಪರದೆಗೂ ಅಡುಗೆಮನೆಗೂ ಕಳಿಸುವುದು.

ಮೊದಲ ಪರೀಕ್ಷೆಯಲ್ಲಿ ಹೆಸರುಗಳ ಬದಲು ಒಂದು ಚೌಕ ಕಂಸ, ಒಂದು ಎಲ್, ಹಿಂದೆಯೇ ತಲೆಬುಡವಿಲ್ಲದ ಅಂಕಿಗಳು ಬಂದವು.

"ಇವ್ರು ಯಾವ ಊರಾವ್ರಲೇ, ಸುಮಿ?" ಎಂದ ಅಣ್ಣ.

"ಅವು ಹೆಸರಲ್ಲಣ್ಣಾ, ಅರೇದ ಗುರುತು. ಸರಿ ಮಾಡ್ತೀನಿ ತಡಿ."

ಸರಿ ಮಾಡಿದೆ. ಹಿರೇಹಂದಿಗೋಳದ ದೊಡ್ಡ ಮನೆತನ ಹಾಕಿ ನೋಡಿದೆ, ಬಂತು. ಯಾರೂ ಬರದ ಮನೆತನ ಹಾಕಿದೆ, ಖಾಲಿ ಬಂತು. ಒಬ್ಬರೇ ಬರುವ ಮನೆತನವನ್ನು ಮಾತ್ರ ಪರೀಕ್ಷಿಸಲಿಲ್ಲ. ಇಬ್ಬರನ್ನು ಕರೆದರೆ ಟ್ರ್ಯಾಕ್ಸ್ ಗಾಡಿ ತುಂಬ ಬರುವ ನಮ್ಮ ಕಡೆ, ನಿಶ್ಚಯಕ್ಕೆ ಒಬ್ಬರೇ ಬರುವುದುಂಟೇ?

ಬಂದರು!

ಒಂದೇ ಹೆಸರಿದ್ದಾಗ ನನ್ನ ಸರ್ವಿಸ್ ಸಾಲು ಕಟ್ಟುವ ಗೋಜಿಗೇ ಹೋಗದೆ ಹೆಸರನ್ನಷ್ಟೇ ಕಳಿಸಿತು. ಸಾಲನ್ನೇ ನಿರೀಕ್ಷಿಸಿದ್ದ ಪರದೆ ಆ ಹೆಸರನ್ನು ಬಿಡಿಸಿ, ಒಂದೊಂದು ಚೂರನ್ನೂ ಒಬ್ಬೊಬ್ಬ ಬೀಗರೆಂದು ತಿಳಿಯಿತು. "ಗ ಅವರಿಗೆ ಸ್ವಾಗತ. ರ ಅವರಿಗೆ ಸ್ವಾಗತ." ನಡುವೆ ಕೊಂಬುಗಳಿಗೂ ಪ್ರತ್ಯೇಕ ಸ್ವಾಗತ! ಅಕ್ಷರ, ಕೊಂಬು, ಒತ್ತು ಎಲ್ಲ ಸೇರಿ ಒಂಬತ್ತು ಚೂರು; ಅತ್ತ ಅಡುಗೆಯವರು ಒಂಬತ್ತು ತಟ್ಟೆ ಇಟ್ಟರು.

ನಾಷ್ಟಾಕ್ಕೆ ಕೂತ ಗುರುಬಸಪ್ಪನವರು ಅತ್ತಿತ್ತ ನೋಡಿದರು. "ಉಳದ ಮಂದಿ ಎಲ್ಲಿ ಅದಾರ ಪಾ?"

"ನೀವ ಹೇಳ್ಬೇಕ್ರಿ ಮಾವಾರ," ಎಂದ ಅಣ್ಣ. "ನಿಮ್ಮ ಕಡೇವ್ರು ಒಂಬತ್ತು ಮಂದಿ ಅಂತ ತೋರ್ಸಾಕತ್ತೈತಿ."

ಅವರು ಪರದೆ ನೋಡಿದರು. ತಟ್ಟೆ ಸರಿಸಿದರು. "ನನ್ನ ಹೆಸರ ಹರದು ಎಲ್ಲಾರ ಮುಂದ ಒಣಗಾಕ ಹಾಕೀರೇನು? ನಾ ಹೊಂಟೆ!"

ವರನ ಕಡೆಯವರೂ ಎದ್ದು ನಿಂತರು. ಅಶ್ವಿನಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ದಾಖಲಿಸುವುದು ಬೇಡ.

"ಲೇ ಸುಮಿ, ಜಲ್ದಿ ಏನರ ಮಾಡ!" ಅಣ್ಣ ಕೂಗಿದ.

ಮೂಲ ದೋಷ ತಿದ್ದಲು ಸಮಯವಿರಲಿಲ್ಲ. ಎರಡು ಹೆಸರಿದ್ದರೆ ಸಾಲು ತಾನೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ತಣ್ಣಗಿನ ತಲೆಯಿಂದ ಯೋಚಿಸಿ, ಗುರುಬಸಪ್ಪನವರ ಕೆಳಗೆ ಬಾಯಿಗೆ ಬಂದ ಒಂದು ಹೆಸರು ಸೇರಿಸಿದೆ. ತಕ್ಷಣ ಪರದೆ ಸರಿಯಾಯಿತು:

"ಗುರುಬಸಪ್ಪ ಅವರಿಗೆ ಸ್ವಾಗತ. ಸೌ. ಪಾರ್ವತವ್ವ ಅವರಿಗೆ ಸ್ವಾಗತ."

ಅಣ್ಣ ಕಿವಿಯ ಹತ್ತಿರ ಬಂದ. "ಅವ್ರ ಲಗ್ನಾನ ಆಗಿಲ್ಲಲೇ!"

ಅರವತ್ತು ದಾಟಿದ ಬ್ರಹ್ಮಚಾರಿಗಳು ಪರದೆಯನ್ನು ಎರಡನೇ ಸಲ ಓದಿದರು. ಮೀಸೆ ಅಲುಗಿತು. ಆಮೇಲೆ ಹೊಟ್ಟೆ ಅಲುಗಿತು. ಆಮೇಲೆ ಇಡೀ ಮಂಟಪವೇ ನಕ್ಕಿತು.

"ನನ್ನ ಲಗ್ನ ಮಾಡೀರಿ, ನನಗ ಖಬರನ ಇಲ್ಲ!" ಎಂದು ಅವರು ಮತ್ತೆ ಕೂತರು. "ಇರ್ಲಿ ಬಿಡ ತಂಗಿ. ಅಕೀ ತಟ್ಟೀನೂ ಇತ್ತ ಸರಸು."

ನಿಶ್ಚಯ ಮಧ್ಯಾಹ್ನದೊಳಗೆ ಮುಗಿಯಿತು. ಕಾಯಿ ಕೊಟ್ಟವರು ಗುರುಬಸಪ್ಪನವರೇ. ಸರ್ವಿಸನ್ನು ಸೋಮವಾರ ತಿದ್ದಿದ್ದೇನೆ. ಈಗ ಒಬ್ಬರೇ ಬಂದರೂ ಒಬ್ಬರಾಗಿಯೇ ಉಳಿಯುತ್ತಾರೆ. ಲಗ್ನಕ್ಕೆ ಬೀಗರನ್ನು ಬರಮಾಡಿಕೊಳ್ಳುವ ಕೆಲಸವನ್ನು ಅಣ್ಣ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಾನೆ.

ನಿನ್ನೆ ಮಾಗಡಿಯಿಂದ ಫೋನ್ ಬಂದಿತ್ತು. ಪಾರ್ವತವ್ವ ಯಾವ ಊರಿನವರೆಂದು ಗುರುಬಸಪ್ಪನವರು ಕೇಳಿದ್ದಾರೆ.