ಫ್ರಿಜ್ಜಿನ ಮೇಲಿನ ಐವತ್ತಮೂರು ಮಂದಿ

ಟಕ್. ಸ್ವಲ್ಪ ಹೊತ್ತು ಮೌನ. ಮತ್ತೆ ಟಕ್. ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಬಡಿಯುವ ಸದ್ದು ಅದು. ಸ್ಯಾನ್ ಡಿಯಾಗೋದ ನಮ್ಮ ಮನೆಯಲ್ಲಿ ಜುಲೈ ತಿಂಗಳೆಂದರೆ ನನ್ನ ಕಿವಿಯಲ್ಲಿ ಉಳಿದಿರುವುದು ಇದೊಂದೇ. ಮೊದಲೇ ಕನ್‌ಫೆಸ್ ಮಾಡಿಬಿಡುತ್ತೇನೆ. ಆ ಸದ್ದು ನಿಂತುಹೋಗಲಿ ಎಂದು ನಾನು ಎಷ್ಟೋ ಸಲ ಬೇಡಿಕೊಂಡಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ನಮ್ಮಂಥ ಹಿಂದೂ ಹುಡುಗಿಯರಿಗೆ ಕನ್‌ಫೆಷನ್ ಇರಲಿಲ್ಲ. ಹಾಗಾಗಿ ತಪ್ಪೊಪ್ಪಿಗೆಗಳೆಲ್ಲ ಒಳಗೇ ಉಳಿದುಕೊಂಡು, ಈಗ ಎಪ್ಪತ್ತನಾಲ್ಕರಲ್ಲಿ ಸಿಕ್ಕಸಿಕ್ಕವರ ಮುಂದೆ ಹೊರಬೀಳುತ್ತಿವೆ. ಇವತ್ತು ನೀವು ಸಿಕ್ಕಿದ್ದೀರಿ.

ಮ್ಯಾಗ್ನೆಟ್ಟಿನ ಕೆಳಗೆ ಇರುತ್ತಿದ್ದದ್ದು ಫುಟ್‌ಬಾಲ್ ಆಟಗಾರರ ಹೆಸರು. ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿ ಒಬ್ಬರನ್ನೊಬ್ಬರು ಉರುಳಿಸುವ ಅಮೆರಿಕದ ಫುಟ್‌ಬಾಲ್. ಜುಲೈ ಕೊನೆಗೆ ಟ್ರೇನಿಂಗ್ ಕ್ಯಾಂಪ್ ಶುರುವಾಗುವಾಗ ತೊಂಬತ್ತು ಹುಡುಗರಿರುತ್ತಾರೆ. ಆಗಸ್ಟ್ ಮುಗಿಯುವಷ್ಟರಲ್ಲಿ ಐವತ್ತಮೂರು ಮಂದಿ ಉಳಿದು ಮಿಕ್ಕವರು ಗಂಟುಮೂಟೆ ಕಟ್ಟುತ್ತಾರೆ. ಯಾವ ಜಾಗಕ್ಕೆ ಯಾವ ಹುಡುಗ ಗೆಲ್ಲುತ್ತಾನೆ ಎಂಬ ಜಗಳವನ್ನು ಅಭಿಮಾನಿಗಳು ಕ್ಯಾಂಪಿಗೆ ಮುಂಚೆಯೇ ಆಡಿ ಮುಗಿಸುತ್ತಾರೆ. ಆಗ ಇನ್ನೂ ಯಾರೂ ಚೆಂಡು ಮುಟ್ಟಿರುವುದಿಲ್ಲ. ಆದ್ದರಿಂದ ಯಾರ ಮಾತನ್ನೂ ಸುಳ್ಳೆಂದು ತೋರಿಸಲು ಸಾಧ್ಯವಿಲ್ಲ. ಗಂಡಸರಿಗೆ ಇದಕ್ಕಿಂತ ಪ್ರಿಯವಾದ ಸೀಸನ್ ಇನ್ನೊಂದಿಲ್ಲ.

ನಮ್ಮವರು, ಅಂದರೆ ನನ್ನ ಯಜಮಾನರಾದ ವಾಸುದೇವ ರಾಯರು, ರಿಟೈರ್ಡ್ ಎಂಜಿನಿಯರು. ಅವರ ಕೈಬರಹ ಅವರಿಗೇ ಓದಲು ಬರುವುದಿಲ್ಲ. ಹೀಗಾಗಿ ತೊಂಬತ್ತು ಹೆಸರುಗಳನ್ನೂ ಚೀಟಿಗಳ ಮೇಲೆ ನಾನೇ ಕರ್ಸಿವ್‌ನಲ್ಲಿ ಬರೆದುಕೊಡುತ್ತಿದ್ದೆ. ಡೆಂಟಿಸ್ಟ್ ಕೊಟ್ಟ ಮ್ಯಾಗ್ನೆಟ್ಟಿನ ಕೆಳಗೆ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್, ಆರ್ಟೀಸಿಯಾದ ಮಿಠಾಯಿ ಅಂಗಡಿಯ ಮ್ಯಾಗ್ನೆಟ್ಟಿನ ಕೆಳಗೆ ಅವನ ಮುಂದೆ ಗೋಡೆಯ ಹಾಗೆ ನಿಲ್ಲುವ ಐವರು ದಾಂಡಿಗರು. ಹಾಲು ತೆಗೆಯಲು ಬಾಗಿಲನ್ನು ಸ್ವಲ್ಪ ಜೋರಾಗಿ ಎಳೆದರೆ ಇಬ್ಬರು ಮೂವರು ಉದುರುತ್ತಿದ್ದರು. ಒಮ್ಮೆ ಆ ಐವರಲ್ಲಿ ಲೆಫ್ಟ್ ಗಾರ್ಡ್ ಎಂಬ ಜಾಗದ ಹುಡುಗ ಫ್ರಿಜ್ಜಿನಡಿಗೆ ಜಾರಿ ಹೋಗಿ, ಒಂದು ವಾರ ಧೂಳಿನಲ್ಲಿ ಮಲಗಿದ್ದ. ಪೊರಕೆ ಹಾಕಿ ಎಳೆದಾಗ ನನಗೆ ಅಯ್ಯೋ ಅನ್ನಿಸಿತು. ಚಿಕ್ಕಂದಿನಲ್ಲಿ ಸಿಸ್ಟರ್ ಬರ್ನಡೆಟ್ ನನ್ನನ್ನು ಕಾನ್ವೆಂಟಿನ ಕ್ವಾಯರ್‌ನ ಎರಡನೇ ಸಾಲಿನಲ್ಲಿ ನಿಲ್ಲಿಸಿ, "ಜಸ್ಟ್ ಮೂವ್ ಯುವರ್ ಲಿಪ್ಸ್, ಚೈಲ್ಡ್. ನೋ ಸೌಂಡ್," ಎಂದಿದ್ದರು. ಮೂರು ವರ್ಷ ಹಾಗೆ ಬರೀ ತುಟಿಯಾಡಿಸಿದ್ದೇನೆ. ಪಟ್ಟಿಯಲ್ಲಿ ಹೆಸರಿದ್ದೂ ಇಲ್ಲದ ಹಾಗಿರುವ ಹುಡುಗರ ಕಷ್ಟ ನನಗೆ ಗೊತ್ತು.

ಇನ್ನು ಪಾಟೀಲರು. ಧಾರವಾಡದವರು, ನಮ್ಮವರ ಜೊತೆಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿ, ಆಮೇಲೆ ಲಾಸ್ ಏಂಜಲೀಸ್ ಪಕ್ಕದ ಲಾಂಗ್ ಬೀಚಿಗೆ ಹೋಗಿ ನೆಲೆಸಿದವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಆಶಾಳ ಮನೆಯಲ್ಲಿದ್ದರು. ಅವರು ಹೋದ ಎಷ್ಟೋ ವರ್ಷಕ್ಕೆ ನಮ್ಮೂರಿನ ಟೀಮೂ ಲಾಸ್ ಏಂಜಲೀಸಿಗೆ ಹೊರಟುಹೋಯಿತು. ಟೀಮನ್ನು ಪಾಟೀಲರೇ ಟ್ರಕ್ಕಿಗೆ ಹೇರಿಕೊಂಡು ಹೋದರೇನೋ ಎಂಬಂತೆ ನಮ್ಮವರು ಅವರನ್ನು ಆಡಿಕೊಳ್ಳುತ್ತಿದ್ದರು. "ಇನ್ನು ಆ ದ್ರೋಹಿಗಳ ಮುಖ ನೋಡೋದಿಲ್ಲ" ಎಂದು ಶಪಥವನ್ನೂ ಮಾಡಿದ್ದರು. ಶಪಥ ಪ್ರತಿ ವರ್ಷ ಜೂನ್ ಕೊನೆಯವರೆಗೆ ಸುಸೂತ್ರವಾಗಿ ನಡೆಯುತ್ತಿತ್ತು. ಜುಲೈ ಮೊದಲ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನು ಬರುತ್ತಿತ್ತು. ಸ್ಪೀಕರಿನಲ್ಲಿ ಪಾಟೀಲರು, "ರಾಯರ, ಹೇಳ್ರಿ, ಈ ಸಲ ಲೆಫ್ಟ್ ಗಾರ್ಡ್ ಯಾರು?" ಎನ್ನುತ್ತಿದ್ದರು. ಟಕ್.

ಎರಡು ಗಂಟೆ ಕಾಲ ನಡೆಯುವ ಆ ಚರ್ಚೆಯಲ್ಲಿ ನಾನು ದೋಸೆ ಹುಯ್ಯುತ್ತಾ ಕಿವಿ ಮುಚ್ಚಿಕೊಳ್ಳಲಾಗದೆ ಎಷ್ಟೋ ಕಲಿತೆ. ಯಾರ ಮೊಣಕಾಲು ಸರಿಯಿಲ್ಲ, ಎಸೆದ ಚೆಂಡು ಹಿಡಿಯುವ ರಿಸೀವರುಗಳಲ್ಲಿ ಯಾರು ಕೈಬಿಡುತ್ತಾನೆ, ಎಲ್ಲ ಗೊತ್ತು. ನನ್ನನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. "ವೈನಿ, ಚಟ್ನಿ ವಾಸನಿ ಇಲ್ಲೀ ತನಕ ಬರಾಕತ್ತೈತ್ರಿ" ಎಂಬಲ್ಲಿಗೆ ನನ್ನ ಪಾತ್ರ ಮುಗಿಯುತ್ತಿತ್ತು.

ಹೋದ ವರ್ಷಕ್ಕೂ ಹಿಂದಿನ ವರ್ಷದ ಜುಲೈನಲ್ಲಿ ಅನಾಹುತವಾಯಿತು. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಒಬ್ಬನಿದ್ದ, ಮೂವತ್ತೊಂದು ವರ್ಷದವನು. ಆ ಆಟದಲ್ಲಿ ಮೂವತ್ತೊಂದೆಂದರೆ ಮುದಿವಯಸ್ಸು. ಅವನ ಜಾಗಕ್ಕೆ ಇಪ್ಪತ್ತೆರಡರ ಹುಡುಗನೊಬ್ಬ ಬಂದಿದ್ದ. ನಮ್ಮವರು ಹಳಬನ ಕಡೆ, ಪಾಟೀಲರು ಹುಡುಗನ ಕಡೆ.

"ಇನ್ನೂ ಒಂದು ವರ್ಷ ಓಡ್ತಾನೆ ಕಣ್ರೀ ಅವನು. ಅನುಭವ ಅನ್ನೋದಕ್ಕೆ ಬೆಲೆ ಇಲ್ವಾ?" ಎಂದರು ನಮ್ಮವರು.

"ಅನುಭವ ಕಾಲಾಗ ಇರಬೇಕ್ರಿ, ಬಾಯಾಗ ಅಲ್ಲ. ಇಂಥಾ ಮುದುಕರನ್ನ ಇಟಗೊಂಡು ಏನ್ ಮಾಡೋದೈತಿ? ಕೈಕುಲುಕಿ ಮನಿಗೆ ಕಳಸೋದು!"

ನಮ್ಮವರು ಫೋನ್ ಕಟ್ ಮಾಡಿದರು. ಆ ವಾರವೇ ಅವರು ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ ಡ್ರೈವಿಂಗ್ ಲೈಸೆನ್ಸ್ ಕಳೆದುಕೊಂಡಿದ್ದರು. ಕೌಂಟರಿನ ಹುಡುಗಿ ನಗುನಗುತ್ತಾ ಕೈಕುಲುಕಿ ಕಳಿಸಿದ್ದಳಂತೆ. ಪಾಟೀಲರಿಗೆ ಅದು ಹೇಗೆ ಗೊತ್ತಿರಬೇಕು? "ನಾನೇ ಹೇಳಲಾ?" ಎಂದೆ. "ಬಾಯಿ ಬಿಟ್ರೆ ನೋಡು" ಎಂದರು. ಆಗಸ್ಟಿನಲ್ಲಿ ಟೀಮು ಆ ಹಳಬನನ್ನು ಕೈಬಿಟ್ಟಿತು. ಈಗ ಪಾಟೀಲರು ಫೋನ್ ಮಾಡಿದರೆ ಗೆದ್ದು ಬೀಗಿದ ಹಾಗೆ, ನಮ್ಮವರು ಮಾಡಿದರೆ ಸೋತು ಒಪ್ಪಿಕೊಂಡ ಹಾಗೆ. ಇಬ್ಬರೂ ಮಾಡಲಿಲ್ಲ. ಚೀಟಿಗಳು ಕಸಕ್ಕೆ ಹೋದವು. ನನ್ನ ಫ್ರಿಜ್ ನನಗೆ ವಾಪಸು ಸಿಕ್ಕಿತು. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಚರ್ಚಿನಂಥ ಶಾಂತಿ. ನಾನು ಮನಸ್ಸು ಮಾಡಿದ್ದರೆ ಅದೇ ವಾರ ರಾಜಿ ಮಾಡಿಸಬಹುದಿತ್ತು. ಮಾಡಿಸಲಿಲ್ಲ. ಹಾಯಾಗಿತ್ತು.

ಹಾಯಾಗಿಯೇ ಹತ್ತು ತಿಂಗಳು ಕಳೆದವು. ಮುಂದಿನ ಜೂನ್‌ನಲ್ಲಿ ಪರಿಚಯದವರ ಕಾರಿನಲ್ಲಿ, ಲಾಂಗ್ ಬೀಚಿನ ಹತ್ತಿರ ಇಂಡಿಯನ್ ಅಂಗಡಿಗಳ ಸಾಲಿರುವ ಆರ್ಟೀಸಿಯಾಕ್ಕೆ ದಿನಸಿಗೆಂದು ಹೋದಾಗ ಆಶಾ ಸಿಕ್ಕಳು. ಕೈಯಲ್ಲಿ ಜೋಳದ ಹಿಟ್ಟಿನ ಪ್ಯಾಕೆಟ್ಟು. "ಅಪ್ಪ ಚೆನ್ನಾಗಿದ್ದಾರೇನಮ್ಮಾ?" ಎಂದೆ.

"ಆಂಟಿ, ಹಿ ಈಸ್ ನಾಟ್ ಡೂಯಿಂಗ್ ವೆಲ್. ಲಿವರ್. ಡಾಕ್ಟರ್ಸ್ ಆರ್ ಸೇಯಿಂಗ್ ಮಂತ್ಸ್," ಎಂದಳು. ಹಿಟ್ಟಿನ ಪ್ಯಾಕೆಟ್ಟನ್ನು ಎದೆಗೊತ್ತಿಕೊಂಡು, "ಪ್ಲೀಸ್ ಡೋಂಟ್ ಟೆಲ್ ಅಂಕಲ್. ಹಿ ಮೇಡ್ ಮಿ ಪ್ರಾಮಿಸ್. ಅಯ್ಯೋ ಪಾಪ ಅನ್ನಿಸ್ಕೊಳ್ಳೋದು ಬೇಡ ಅಂತಾರೆ," ಎಂದಳು. ಅವಳ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು.

ಈಗ ನನ್ನ ಅವಸ್ಥೆ ನೋಡಿ. ನಮ್ಮವರ ಕಣ್ಣಿನ ಸಂಗತಿ ಪಾಟೀಲರಿಗೆ ಹೇಳುವಂತಿಲ್ಲ, ಪಾಟೀಲರ ಲಿವರಿನ ಸಂಗತಿ ನಮ್ಮವರಿಗೆ ಹೇಳುವಂತಿಲ್ಲ. ಹೇಳದೆ ಇಬ್ಬರನ್ನೂ ಒಂದುಗೂಡಿಸಬೇಕು, ಅದೂ ಬೇಗ. ಕೊನೆಗೆ ನನಗೆ ಹೊಳೆದದ್ದು ಫೋರ್ಜರಿ. ಮಧ್ಯಾಹ್ನ ನಮ್ಮವರು ಮಲಗಿದಾಗ ಅವರ ಫೋನ್ ತೆಗೆದುಕೊಂಡು ಅವರ ಹೆಸರಿನಲ್ಲಿ ಮೆಸೇಜ್ ಬರೆಯಲು ಕೂತೆ. "ಡಿಯರ್ ಪಾಟೀಲ್, ಐ ಹೋಪ್ ದಿಸ್ ಫೈಂಡ್ಸ್ ಯೂ ಇನ್ ದ ಬೆಸ್ಟ್ ಆಫ್ ಹೆಲ್ತ್" ಎಂದು ಬರೆದೆ. ಬರೆದದ್ದನ್ನು ಓದಿಕೊಂಡೆ. ಅಳಿಸಿದೆ. ಕಾನ್ವೆಂಟಿನಲ್ಲಿ ಕಾಗದ ಶುರು ಮಾಡಲು ನಮಗೆ ಇನ್ನೊಂದು ವಾಕ್ಯವನ್ನು ಕಲಿಸಿರಲೇ ಇಲ್ಲ. ಕೊನೆಗೆ, ಈ ವರ್ಷ ಲೆಫ್ಟ್ ಗಾರ್ಡ್ ಜಾಗಕ್ಕೆ ಕಿಕ್ಕರ್ ಹುಡುಗನಿಗೆ ಒಂದು ಅವಕಾಶ ಕೊಡಬಹುದೆಂದು ನನ್ನ ನಮ್ರ ಅಭಿಪ್ರಾಯ, ನೋಡಲು ಸಿನ್ಸಿಯರ್ ಆಗಿದ್ದಾನೆ, ಎಂದು ಕಾಮಾ ಫುಲ್‌ಸ್ಟಾಪುಗಳ ಸಮೇತ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಎಷ್ಟೋ ಕಲಿತೆ ಎಂದು ಆಗಲೇ ಜಂಬ ಕೊಚ್ಚಿದೆನಲ್ಲ, ಅದರ ಮಟ್ಟ ಇಷ್ಟು.

ಐದೇ ನಿಮಿಷದಲ್ಲಿ ಉತ್ತರ ಬಂತು. "ರಾಯರ, ಕಿಕ್ಕರ್ ಅಂದ್ರ ಬರೇ ಚೆಂಡು ಒದಿಯಾಂವ. ಕಡ್ಡಿ ಇದ್ದಂಗ ಅದಾನ. ಲೆಫ್ಟ್ ಗಾರ್ಡ್ ಮಾಡಿದ್ರ ಮೊದಲನೇ ಆಟದಾಗ ಚಾಪಿ ಸುತ್ತಿದಂಗ ಸುತ್ತಿ ಒಯ್ತಾರ. ಬ್ಯಾರೆ ಹೆಸರು ಹೇಳ್ರಿ."

ಬೇರೆ ಹೆಸರು ಹೇಳಿದೆ. ಅದೂ ತಪ್ಪು. ಮೂರು ವಾರ ಪ್ರತಿ ಮಧ್ಯಾಹ್ನ ಹೀಗೇ ನಡೆಯಿತು. ನಾನು ಕನ್ನಡಕ ಏರಿಸಿಕೊಂಡು ಇಂಟರ್‌ನೆಟ್ಟಿನಲ್ಲಿ ಓದುವುದು, ಬರೆಯುವುದು, ಅವರು ತಿದ್ದುವುದು. ಮೂರನೇ ವಾರಕ್ಕೆ ಆ ಗೋಡೆಯ ಬಲತುದಿಗೆ, ಅಂದರೆ ರೈಟ್ ಟ್ಯಾಕಲ್ ಜಾಗಕ್ಕೆ, ನಾನು ಹೇಳಿದ ಹೆಸರಿಗೆ "ಇದು ಛಲೋ ವಿಚಾರ ನೋಡ್ರಿ" ಎಂದು ಬಂತು. ಮದುವೆಯಾಗಿ ನಲವತ್ತೆಂಟು ವರ್ಷದಲ್ಲಿ ನನ್ನ ವಿಚಾರವನ್ನು ಛಲೋ ಎಂದ ಗಂಡಸು ಅವರೊಬ್ಬರೇ, ಅದನ್ನೂ ನನ್ನ ಗಂಡನ ವಿಚಾರವೆಂದುಕೊಂಡು. ಆ ಹುರುಪಿನಲ್ಲಿ ಅತಿಯಾಗಿ ಆಡಿದೆ. "ಹೋದ ವರ್ಷ ಆ ಹಳಬನ ವಿಷಯದಲ್ಲಿ ನಿಮ್ಮ ಮಾತೇ ಸರಿ. ಐ ಸ್ಟ್ಯಾಂಡ್ ಕರೆಕ್ಟೆಡ್," ಎಂದು ಬರೆದುಬಿಟ್ಟೆ.

ಮಾರನೆಯ ದಿನ ನಮ್ಮವರಿಗೆ ಬೇಗ ಎಚ್ಚರವಾಯಿತು. ಅವರ ಫೋನಿನಲ್ಲಿ ಅಕ್ಷರಗಳು ಒಂದೊಂದೂ ನೆಲಗಡಲೆ ಗಾತ್ರ. ಅದರ ಮೇಲೆ ಭೂತಗನ್ನಡಿ ಬೇರೆ. ಒಂದು ವಾಕ್ಯ ಓದಲು ಐದು ನಿಮಿಷ. ನಾನು ಬಾಗಿಲಲ್ಲಿ ನಿಂತು ಅವರು ಒಂದೊಂದೇ ಪದ ದಾಟುವುದನ್ನು ನೋಡಿದೆ. "ನಾನು ಒಪ್ಕೊಂಡ್ನಾ? ನಾನು?" ಎಂದು ಕೂಗಿ, ನನ್ನ ಕಡೆ ತಿರುಗಿಯೂ ನೋಡದೆ ಫೋನ್ ಹಚ್ಚಿದರು. "ಪಾಟೀಲ್ರೇ, ಅದನ್ನ ಬರೆದದ್ದು ನಾನಲ್ಲ! ಒಂದಕ್ಷರಾನೂ ನಂದಲ್ಲ!"

"ಗೊತ್ತೈತಿ ಬಿಡ್ರಿ," ಎಂದಿತು ಸ್ಪೀಕರು. ದನಿ ಸಣ್ಣಗಾಗಿತ್ತು. "ನಿಮಗ ಅಷ್ಟು ಛಂದ ಇಂಗ್ಲಿಷ್ ಎಲ್ಲಿ ಬರ್ತದ? ಮೊದಲನೇ ದಿನಾನ ಗೊತ್ತಾತು, ವೈನಿ ಅಂತ."

ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟೆ. ನಲ್ಲಿಯ ಸದ್ದಿನಲ್ಲೂ ಕೇಳುತ್ತಿತ್ತು. ನಮ್ಮವರು ತಡವರಿಸುತ್ತಾ, "ಆ ವಾರ ನನ್ನ ಲೈಸೆನ್ಸ್ ಹೋಗಿತ್ತು ಕಣ್ರೀ. ಕಣ್ಣು ಕಾಣಲ್ಲ," ಎಂದರು. ಆ ಕಡೆಯಿಂದ ಪಾಟೀಲರು, "ಮೊದಲ ಹೇಳಬಾರದೇನ್ರಿ ರಾಯರ? ಹೇಳಿದ್ರ ಆ ಮುದುಕನ್ನ ಇನ್ನೊಂದು ವರ್ಷ ಇಟಗೋತಿದ್ವಿ," ಎಂದರು.

ತಮ್ಮ ವಿಷಯ ಮಾತ್ರ ಪಾಟೀಲರು ಹೇಳಲಿಲ್ಲ. ಎಲ್ ಸೆಗುಂಡೋದಲ್ಲಿ ಕ್ಯಾಂಪ್ ನೋಡಲು ಜನರನ್ನು ಬಿಡುವ ದಿನ ಇಬ್ಬರೂ ಸೇರುವುದೆಂದು ತೀರ್ಮಾನವಾಯಿತು. ಊರೊಳಗೆ ಸೊಪ್ಪು ತರಕಾರಿಗಷ್ಟೇ ಕಾರು ತೆಗೆಯುವ ನಾನು ಅವತ್ತು ಫ್ರೀವೇಯ ನಿಧಾನದ ಲೇನ್ ಹಿಡಿದು ಮೂರು ಗಂಟೆ ಡ್ರೈವ್ ಮಾಡಿದೆ. ಕಣ್ಣು ಕಾಣದವರು ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದರು. ಹಿಂದಿನ ಟ್ರಕ್ಕಿನವರೆಲ್ಲ ನನ್ನ ಬಗ್ಗೆ ಹಾರ್ನಿನಲ್ಲಿ ಅಭಿಪ್ರಾಯ ಹೇಳಿ ಮುಂದೆ ಹೋದರು.

ಹಗ್ಗದಾಚೆ ಹುಡುಗರು ಬಿಸಿಲಲ್ಲಿ ಗುದ್ದಾಡುತ್ತಿದ್ದರು. ಈಚೆ ಮಡಚುವ ಕುರ್ಚಿಯಲ್ಲಿ ಪಾಟೀಲರು. ನನಗೆ ಗುರುತೇ ಸಿಗಲಿಲ್ಲ. ಅರ್ಧಕ್ಕರ್ಧ ಇಳಿದುಹೋಗಿದ್ದರು, ಮುಖ ಅರಿಸಿನವಾಗಿತ್ತು. ನಮ್ಮವರಿಗೆ ಅದೇನೂ ಕಾಣಲಿಲ್ಲ. ಕೈ ಹಿಡಿದು, "ಏನ್ರೀ, ಡಯಟ್ಟಾ? ತೆಳ್ಳಗಾಗಿದೀರಿ," ಎಂದರು. "ಹೌದ್ರಿ, ಮಗಳು ಬರೇ ಸೊಪ್ಪು ಹಾಕ್ತಾಳ," ಎಂದರು ಪಾಟೀಲರು. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಸಾಯುತ್ತಿರುವವರ ಹತ್ತಿರ ಜನ ದನಿ ತಗ್ಗಿಸಿ ಮಾತಾಡುತ್ತಾರೆ. ನಮ್ಮವರು ಗಂಟಲು ಹರಿಯುವಂತೆ, "ನಿಮಗೆ ತಲೆ ಇದೆಯೇನ್ರೀ?" ಎಂದು ಬೈಯುತ್ತಿದ್ದರು. ಪಾಟೀಲರ ಮುಖ ಅರಳಿತ್ತು. ಆಶಾ ಕಣ್ಣೊರೆಸಿಕೊಳ್ಳಲು ಆ ಕಡೆ ಹೋದಳು. ನಾನು ಕೊಡೆ ಹಿಡಿದು ಪಕ್ಕದಲ್ಲೇ ಕೂತಿದ್ದೆ. ರೈಟ್ ಟ್ಯಾಕಲ್ ಬಗ್ಗೆ ನನಗೊಂದು ಮಾತು ಹೇಳುವುದಿತ್ತು, ನಾನು ಆರಿಸಿದ್ದ ಹುಡುಗ ಆಗಷ್ಟೇ ಚೆನ್ನಾಗಿ ಆಡಿದ್ದ. ನಡುವೆ ಬಾಯಿ ಹಾಕಲು ಎರಡು ಸಲ ನೋಡಿದೆ. ಸಂದು ಸಿಗಲಿಲ್ಲ. ಇಬ್ಬರನ್ನೂ ಒಂದು ಮಾಡಬೇಕೆಂದು ಅಷ್ಟು ಒದ್ದಾಡಿದವಳಿಗೆ, ಒಂದಾದದ್ದನ್ನು ನೋಡಿ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ. ಆದರೆ ಆಯಿತು.

ಟೀಮಿನ ಕೊನೆಯ ಪಟ್ಟಿ ಹೊರಬರುವ ಒಂದು ವಾರ ಮುಂಚೆ ಪಾಟೀಲರು ಹೋಗಿಬಿಟ್ಟರು. ಹೀಗಾಗಿ ನಾನು ಅವರನ್ನು ಕಡೆಯದಾಗಿ ನೋಡಿದ್ದು ಅವತ್ತೇ, ಕ್ಯಾಂಪಿನ ಪಾರ್ಕಿಂಗ್ ಲಾಟಿನಲ್ಲಿ. ಆಶಾ ಅವರನ್ನು ಕಾರಿನಲ್ಲಿ ಕೂರಿಸಿ ಬೆಲ್ಟ್ ಹಾಕಿದಳು. ನಮ್ಮವರು ನನ್ನ ಹಿಂದೆ ನಿಂತು ಇನ್ನೂ ಏನೋ ಕೂಗುತ್ತಿದ್ದರು. ಕಾರು ಹೊರಟಿತು, ಕಿಟಕಿ ಇಳಿಯಿತು, ಪಾಟೀಲರ ಕೈ ಹೊರಗೆ ಬಂತು. ಮೂರು ವಾರದ ಆ ಮಧ್ಯಾಹ್ನಗಳಿಗೆ ಇದು ನನಗೆಂದೇ ಇರಬೇಕು ಎಂದುಕೊಂಡು ನಾನೂ ಕೈ ಎತ್ತಿದೆ. ಆಗ ಸರಿಯಾಗಿ ನೋಡಿದೆ. ಅವರು ನಾಲ್ಕು ಬೆರಳು ಬಿಡಿಸಿ ಹಿಡಿದಿದ್ದರು. "ನಾಲ್ಕು ರಿಸೀವರ್ ಸಾಕ್ರಿ ರಾಯರ, ಐದು ಬ್ಯಾಡ!" ಎಂದು ಕಿರುಚುತ್ತಾ, ನನ್ನ ತಲೆಯ ಮೇಲಿಂದ, ಆ ಬೆರಳುಗಳನ್ನು ಕಾಣಲಾರದ ನನ್ನ ಗಂಡನಿಗೆ ತೋರಿಸುತ್ತಿದ್ದರು. ನಾನು ಎತ್ತಿದ ಕೈಯಿಂದ ಕೂದಲು ಸರಿಮಾಡಿಕೊಂಡೆ.