ಮೀನೆಣ್ಣಿ ಗುಳಿಗಿ, ನನ್ನ ಅಂಜಿಕಿ

ನಾನು ಅಂಜಿದಾಗೆಲ್ಲ ಯಾರಾದರೂ ನಗತಾರ. ಯಾಕ ಹಿಂಗ ಆಗತದೋ ಗೊತ್ತಿಲ್ಲ. ಹೆಂಡತಿ ಎದಿ ಹಿಡಕೊಂಡು ಹೋಗಿ ವರ್ಷಾತು. ಅಂದಿನಿಂದ ಅಂಜಿಕಿ ನನ್ನ ಜೋಡಿ ಅದ. ಮಗಳು ಏಳು ತಿಂಗಳ ಬಸುರಿ. ಹೆರಿಗಿಗೆ ದೇವದುರ್ಗದ ನಮ್ಮ ಮನಿಗೇ ಬಂದಾಳ. ತಾಯಿ ಇಲ್ಲ. ಬಾಣಂತನಕ್ಕ ನಾನೇ. ಅಲ್ಲಿತನಕ ನಾನು ಇರಬೇಕು. ಇಷ್ಟೇ ನನ್ನ ಚಿಂತಿ.

೧. ಆರ್ಡರ್

ರಾಯಚೂರಿನ ಡಾಕ್ಟರ್ ನನ್ನ ಬೀಪಿ ಎರಡೆರಡು ಸಲ ನೋಡಿದರು. ಎರಡನೇ ಸಲ ನೋಡಿದರ ನನ್ನ ಬೀಪಿ ಇನ್ನೂ ಏರತದ. ಆಮ್ಯಾಲ ಚೀಟಿ ಮ್ಯಾಲ ಒಂದು ಕೊಳವಿ ಬರದರು.

"ಇದು ರಕ್ತನಾಳ. ಇದರ ಗ್ವಾಡಿಯಾಗ ಸಣ್ಣ ಸಣ್ಣ ಸ್ನಾಯುಕೋಶ ಅದಾವ. ಅವು ಬಿಗಿ ಹಿಡದರ ದಾರಿ ಸಣ್ಣದಾಗತದ. ಹೆಚ್ಚಿಗಿ ಬೆಳದರ ಗ್ವಾಡಿನೇ ದಪ್ಪಾಗತದ. ಮೀನೆಣ್ಣಿಯೊಳಗಿನ ಕೊಬ್ಬಿನಾಮ್ಲ ಅವನ್ನ ಸ್ವಲ್ಪ ಸಡಿಲ ಮಾಡತದ, ಬೆಳೆಯೋದನ್ನೂ ತಡೀತದ ಅಂತ ಪ್ರಯೋಗದಾಗ ಕಂಡಾರ. ಬೀಪಿ ಗುಳಿಗಿ ಮಾತ್ರ ಬಿಡಬ್ಯಾಡ. ಈ ಮೀನೆಣ್ಣಿ ಗುಳಿಗಿ ಅದರ ಜೋಡಿ ದಿನಾ ನುಂಗು."

ನಾನು ಮೂವತ್ತು ವರ್ಷ ಮಾನ್ವಿ ಕಡೆ ಕಾಲುವಿ ಗೇಟು ತಿರುವಿದಾವ. ಕೇಳಿದೆ, "ಸಾಹೇಬ್ರ, ಬಿಗಿ ಹಿಡಿ ಅಂತ ಆ ಕೋಶಕ್ಕ ಆರ್ಡರ್ ಯಾರು ಕೊಡತಾರ?"

"ನರ ಕೊಡತಾವ. ಒಮ್ಮೊಮ್ಮೆ ತಾವೇ ಬಿಗಿ ಹಿಡೀತಾವ."

"ಆರ್ಡರ್ ಇಲ್ಲದನಾ? ನಮ್ಮ ಗೇಟು ಹಂಗ ಮಾಡಿದ್ರ ಹಿರೇಕೊಟ್ನೆಕಲ್ ರೈತರು ಬಡಿಗಿ ತಗೊಂಡು ಬರತಿದ್ರು ರೀ."

ಡಾಕ್ಟರ್ ನಕ್ಕರು. ನಾನು ನಗಲಿಲ್ಲ. ನನ್ನ ಎದಿಯೊಳಗ ಬಡಿಗಿ ತಗೊಂಡು ಹೋಗೋ ರೈತ ಯಾರೂ ಇಲ್ಲ.

೨. ಸೋಮವಾರ

ಗುಳಿಗಿ ಶುರು ಮಾಡೋ ದಿನ ಸೋಮವಾರ ಬಂತು. ಸೋಮವಾರ ನಮ್ಮ ಮನ್ಯಾಗ ಮೀನು ಮುಟ್ಟಂಗಿಲ್ಲ. ನುಂಗಿದರ ದೇವರ ಅಂಜಿಕಿ. ಬಿಟ್ಟರ ರಕ್ತನಾಳದ ಅಂಜಿಕಿ. ಒಂದು ಗುಳಿಗಿ ಹಿಡಕೊಂಡು ಓಣಿ ಗುಡಿಗೆ ಹೋದೆ.

ಪೂಜಾರಿ ಅದನ್ನ ಬಿಸಿಲಿಗೆ ಹಿಡಿದು ನೋಡಿದ. "ಮುಳ್ಳಿಲ್ಲ, ಬಾಲ ಇಲ್ಲ, ಕಣ್ಣಿಲ್ಲ. ಇದು ಮೀನು ಅಂತ ಹೇಳಿದವರು ಯಾರು?"

"ಡಾಕ್ಟರ್ ರೀ."

"ಅವರು ನಿನಗ ಹೇಳ್ಯಾರ. ದೇವರಿಗೆ ಹೇಳ್ಯಾರೇನು?"

"ಇಲ್ರಿ."

"ಹಂಗಾದ್ರ ನೀ ಯಾಕ ಹೇಳಾಕ ಬಂದೀಯೋ? ಅದೂ ಗರ್ಭಗುಡಿ ಮುಂದ ನಿಂತು, ಇಷ್ಟು ಜೋರಾಗಿ!"

ಗುಡಿಗೆ ಬೆನ್ನು ಮಾಡಿ ನುಂಗಿದೆ.

೩. ತೇಗು

ಮತ್ತ ಬೀಪಿ ತೋರಸಾಕ ಬಸ್ಸಿನಾಗ ರಾಯಚೂರಿಗೆ ಹೊಂಟಿದ್ದೆ. ಬಾಜೂಕ ಮಸರಕಲ್ ಊರಿನಾಕಿ ಒಬ್ಬಾಕಿ ಕುಂತಿದ್ದಳು. ನನಗ ಗುಳಿಗಿ ತೇಗು ಬಂತು. ಆಕಿ ಸೆರಗು ಮೂಗಿಗೆ ಹಿಡದಳು.

"ಯಣ್ಣಾ, ಚೀಲದಾಗ ಮೀನ ಅದಾವೇನು?"

"ಇಲ್ಲವ್ವಾ."

"ಮತ್ತ ವಾಸನಿ ಎಲ್ಲಿಂದ?"

"ಹೊಟ್ಟ್ಯಾಗಿಂದ."

"ಯಾವಾಗ ತಿಂದಿದ್ದಿ?"

ನನಗ ಸುಳ್ಳು ಬರಂಗಿಲ್ಲ. ನಮ್ಮಾಕಿ ಹೋದ ಮ್ಯಾಲ ಮನ್ಯಾಗ ಮೀನು ಮಾಡಿಲ್ಲ. "ಮೀನು ತಿಂದು ಒಂದು ವರ್ಷಾತು" ಅಂದೆ.

ಆಕಿ ಎದ್ದು ಹೋಗಿ ಡ್ರೈವರ್ ಹಿಂದ ನಿಂತಳು. ರಾಯಚೂರ ತನಕ ನಿಂತೇ ಬಂದಳು.

೪. ಭಾರ

ಆ ನಾಚಿಕಿಗೆ ಮೀನೆಣ್ಣಿ ಗುಳಿಗಿ ನುಂಗೋದು ಬಿಟ್ಟೆ. ಬಿಟ್ಟ ಮ್ಯಾಲ ಅಂಜಿಕಿ ಹೆಚ್ಚಾತು. ಕುಂತು ವಿಚಾರ ಮಾಡಿದೆ. ಗೇಟು ಬಿಗಿ ಆದ್ರ ನಾವು ಎಣ್ಣಿ ಗೇಟಿನ ತಿರುಪಿಗೇ ಬಿಡತಿದ್ವಿ. ಮ್ಯಾಲಿನ ಕಾಲುವಿ ನೀರಿಗೆ ಸುರೀತಿದ್ದಿಲ್ಲ. ಎದಿಗೆ ಬೇಕಾದ ಎಣ್ಣಿ ಹೊಟ್ಟಿ ಸುತ್ತಿ ಯಾಕ ಹೋಗಬೇಕು? ಸೂಜಿಲೆ ನಾಕು ಗುಳಿಗಿ ಚುಚ್ಚಿ, ಎಣ್ಣಿ ಎದಿಗೆ ಬಳಕೊಂಡು, ಮಧ್ಯಾಹ್ನ ಪಡಸಾಲಿಯಾಗ ಮಲಗಿದೆ.

ಎಚ್ಚರಾತು. ಎದಿ ಮ್ಯಾಲ ಭಾರ. ಕಣ್ಣು ತೆರಿಯಾಕ ಧೈರ್ಯ ಆಗಲಿಲ್ಲ. "ಎದಿ ಮ್ಯಾಲ ಯಾರೋ ಕುಂತಂಗಾಗ್ಯದ." ನಮ್ಮಾಕಿ ಕೊನಿಗೆ ಹೇಳಿದ್ದು ಇದೇ ಮಾತು. ಭಾರ ಜರಗಾಕತ್ತಿತು. ಗುರ್ ಗುರ್ ಸಪ್ಪಳ ಬೇರೆ. ಮುಗೀತು ಅಂದಕೊಂಡೆ.

"ಯವ್ವಾ, ಲಗೂನ ಬಾ! ನಾನು ಹೊಂಟೆ. ಬಾಣಂತನಕ್ಕ ನಿಮ್ಮ ಅತ್ತೀನ ಕರಸ್ಕೋ..."

ಮಗಳು ಓಡಿ ಬಂದಳು. ಉಸಿರು ಎಳಕೊಳ್ಳೋ ಸಪ್ಪಳ ಅಷ್ಟೇ. ಪಾಪ, ಅಳಾಕತ್ತಾಳ ಅಂತ ಕಣ್ಣು ತೆರದೆ. ಎರಡೂ ಕೈಲೆ ಹೊಟ್ಟಿ ಹಿಡಕೊಂಡು ನಗಾಕತ್ತಿದ್ದಳು. ನನ್ನ ಎದಿ ಮ್ಯಾಲ ಓಣಿಯ ಎರಡು ಬೆಕ್ಕು ಕುಂತು ನೆಕ್ಕಾಕತ್ತಿದ್ದವು.

"ಯಪ್ಪಾ, ಅಲುಗಾಡಬ್ಯಾಡ" ಅಂದಳು. "ಬಾಗಲದಾಗ ಇನ್ನೂ ಮೂರು ಪಾಳಿ ಹಚ್ಚ್ಯಾವ."