ಬಾಗಿಲು ತೆರೆದ ಜೀವಕೋಶ

ಅನಂತರಾಜು ಕೈಯೆತ್ತಿದ್ದು ಕಾಫಿಗೆ.

ಕೈಲಾಂಚದ ಹತ್ತಿರದ ಆ ಊರಿನ ಹಾಲಿನ ಡೈರಿಯ ಮುಂದೆ ಶಾಮಿಯಾನ ಹಾಕಿದ್ದರು. ಕಾಫಿ ಲೋಟಗಳ ತಟ್ಟೆ ತನ್ನನ್ನು ದಾಟಿ ಹಿಂದಿನ ಸಾಲಿಗೆ ಹೋಗುತ್ತಿದೆಯಲ್ಲ ಎಂದು ಅವನು ಕೈಯೆತ್ತಿ ಕರೆದ. ಅದೇ ಗಳಿಗೆಗೆ ಮುಂದೆ ನಿಂತಿದ್ದ ಡಾಕ್ಟರ್ ನಯನ, "ನಾಟಕದಲ್ಲಿ ಜೀವಕೋಶದ ಪಾತ್ರ ಯಾರು ಮಾಡ್ತೀರಾ?" ಎಂದು ಕೇಳಿದ್ದರು.

"ಅನಂತರಾಜು ಅವರು! ಎಲ್ಲರೂ ಚಪ್ಪಾಳೆ ಹೊಡೀರಿ."

ಹೊಡೆದೇಬಿಟ್ಟರು. ಅನಂತರಾಜು ನಿಂತಿದ್ದ ಡೈರಿಯ ನಿರ್ದೇಶಕರ ಚುನಾವಣೆಗೆ ಇನ್ನು ನಾಲ್ಕೇ ದಿನ. ಮನೆಗೊಬ್ಬರಂತೆ ಓಟು ಹಾಕಬೇಕಾದ ನೂರಾ ಮೂವತ್ತು ಮಂದಿ ಅಲ್ಲೇ ಕೂತಿದ್ದಾರೆ. ಎದುರಾಳಿ ಮಂಚಯ್ಯ ಎರಡನೇ ಸಾಲಿನಲ್ಲಿ ಹಲ್ಲು ಕಿರಿಯುತ್ತಿದ್ದಾನೆ. ಇಂಥ ಹೊತ್ತಿನಲ್ಲಿ ಆಗುವುದಿಲ್ಲ ಎನ್ನುವುದು ಹೇಗೆ? ಅನಂತರಾಜು ಕಾಫಿ ಮರೆತು ಎದ್ದು ಕೈಮುಗಿದ.

ಹೋದ ತಿಂಗಳು ಅರ್ಧ ಊರು ಭೇದಿಯಿಂದ ಹಾಸಿಗೆ ಹಿಡಿದಿತ್ತು. ಭಾಷಣ ಮಾಡಿದರೆ ಇವರು ಆಕಳಿಸುತ್ತಾರೆ, ನಾಟಕ ಆಡಿಸಿದರೆ ಕೇಳುತ್ತಾರೆ ಎಂಬುದು ಡಾಕ್ಟರಮ್ಮನ ಲೆಕ್ಕ.

"ಕರುಳಲ್ಲಿ ಒಂದು ಕೆಟ್ಟ ಬ್ಯಾಕ್ಟೀರಿಯಾ ಸೇರ್ಕೊಂಡಿದೆ. ಅದು ಕೂತಲ್ಲಿಂದ ಏಳಲ್ಲ, ವಿಷ ಮಾತ್ರ ಕಳಿಸುತ್ತೆ," ಎಂದರು ಅವರು. ಏಳುವ ಕೆಲಸವಿಲ್ಲ ಎಂದು ತಿಳಿದ ಕೂಡಲೇ ದಢೂತಿ ಬೋರಲಿಂಗಯ್ಯ ಬ್ಯಾಕ್ಟೀರಿಯಾ ಆಗಲು ಒಪ್ಪಿದ. "ವಿಷ ಯಾರು?" ಎಂದಾಗ ಇಡೀ ಊರು ಒಂದೇ ಕೊರಳಲ್ಲಿ, "ಮಂಚಯ್ಯ!" ಎಂದಿತು.

ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳನ್ನು ಸುತ್ತ ನಿಲ್ಲಿಸಿ, ಅನಂತರಾಜುವಿನ ಹೆಂಡತಿ ಸರಸಮ್ಮನ ಸೀರೆ ಸುತ್ತಿ ಜೀವಕೋಶ ಕಟ್ಟಿದರು. ಅದು ಬೀಳದಂತೆ ಒಳಗಿನಿಂದ ಶಾಮಿಯಾನದ ಕಂಬಕ್ಕೆ ದನದ ಹಗ್ಗ ಎಳೆದು ಕಟ್ಟಿದರು. "ಜೀವಕೋಶ ನೆಟ್ಟಗೆ ನಿಂತಿರೋದು ಇಂಥ ಹಗ್ಗಗಳಿಂದಲೇ," ಎಂದು ವಿವರಿಸಿದ ಡಾಕ್ಟರಮ್ಮ, ಅವನ್ನು ಕತ್ತರಿಸಲೆಂದು ಮಂಚಯ್ಯನ ಕೈಗೆ ರಟ್ಟಿನ ಕತ್ತರಿ ಕೊಟ್ಟರು.

ಅನಂತರಾಜು ಒಳಗೆ ಹೋಗಿ ನಿಂತ ಮೇಲೆ ನಾಟಕ ಶುರುವಾಯಿತು. ಬ್ಯಾಕ್ಟೀರಿಯಾ ಕುರ್ಚಿಯಲ್ಲಿ ಕೂತು, "ಓಗ್ಲಾ ವಿಷ," ಎಂದಿತು. ವಿಷ ಹೋಗಿ ಚಂದ್ರಂಕಿ ತಟ್ಟಿತು.

"ಯಾರು?"

"ವಿಷ ಕಣ್ಲಾ. ಬಾಗ್ಲು ತಗಿ."

"ಓಗಲೇ! ನೀನು ಬಂದ್ರೆ ನಾನ್ ಬಾಗ್ಲು ತಗೀತೀನಾ?"

ಜನ ಶಿಳ್ಳೆ ಹೊಡೆದರು. ಶಿಳ್ಳೆ ಕೇಳಿ ಅನಂತರಾಜುವಿನ ಎದೆ ಉಬ್ಬಿತು. ಡಾಕ್ಟರಮ್ಮ ಹತ್ತಿರ ಬಂದು, "ತೆಗೀಬೇಕು ರೀ, ಜೀವಕೋಶ ತಾನಾಗೇ ಒಳಗೆ ಬಿಟ್ಕೊಳ್ಳುತ್ತೆ," ಎಂದರು.

"ಅಂಥ ಜೀವಕೋಶ ಬ್ಯಾರೆ ಇರ್ಬೌದು ಮೇಡಂ. ನಾನು ಅಂಥೋನಲ್ಲ."

ಹತ್ತು ನಿಮಿಷವಾದರೂ ಬಾಗಿಲು ತೆರೆಯಲಿಲ್ಲ. ಬ್ಯಾಕ್ಟೀರಿಯಾ ಕುರ್ಚಿಯಲ್ಲೇ ಗೊರಕೆ ಶುರುಮಾಡಿತು. ಮುಂದಿನ ಸಾಲಿನ ಮುನಿಯಮ್ಮಜ್ಜಿ, "ಹಿಂದ್ಗಡೆಯಿಂದ ನುಗ್ಗಲಾ!" ಎಂದು ಸಲಹೆ ಕೊಟ್ಟಳು. ಕೊನೆಗೆ ಡಾಕ್ಟರಮ್ಮ ಮಂಚಯ್ಯನ ಕಿವಿಯಲ್ಲಿ, "ವಿಷ ತನ್ನನ್ನ ವಿಷ ಅಂತ ಹೇಳ್ಕೊಳ್ಳಲ್ಲ ರೀ. ಜೀವಕೋಶಕ್ಕೆ ಬೇಕಾದ್ದು ಯಾವ ಬಾಗಿಲಿಂದ ಬರುತ್ತೋ ಅದನ್ನೇ ತಟ್ಟುತ್ತೆ," ಎಂದರು.

ಮಂಚಯ್ಯ ತುಸು ಯೋಚಿಸಿ, ಮೆಲ್ಲಗೆ ತಟ್ಟಿದ.

"ಅನಂತಣ್ಣ, ನಾನು ಕಣಣ್ಣ. ನನ್ನ ಓಟು ನಿಂಗೇ ಅಂತ ಹೇಳೋಕ್ ಬಂದೆ. ಊರೋರ್ಗೂ ಹೇಳ್ತೀನಿ."

ಆಮೇಲೆ ಸೀರೆ ಸರಿದು ಒಂದು ತಲೆ ಹೊರಬಂತು.

"ದೇವ್ರಾಣೆ?"

"ದೇವ್ರಾಣೆ."

ಎರಡು ಕೈಗಳು ಚಾಚಿ ಮಂಚಯ್ಯನನ್ನು ತಬ್ಬಿ ಒಳಗೆ ಎಳೆದುಕೊಂಡವು.

"ನೋಡಿದ್ರಾ!" ಡಾಕ್ಟರಮ್ಮ ಕುಣಿದೇಬಿಟ್ಟರು. "ಹೀಗೇ ತಬ್ಬಿ, ಗುಳ್ಳೆ ಥರ ಸುತ್ತಿ ಒಳಗೆ ಎಳ್ಕೊಳ್ಳುತ್ತೆ. ಆ ಗುಳ್ಳೆಯೊಳಗೆ ಹುಳಿ ಏರುತ್ತೆ. ಹುಳಿಗೆ ವಿಷದ ರೂಪ ಬದಲಾಗುತ್ತೆ, ಗುಳ್ಳೆ ತೂತು ಮಾಡಿ ಆಚೆ ಬರುತ್ತೆ. ಮಂಚಯ್ಯನೋರೇ, ಈಗ ಹಗ್ಗ!"

ರಟ್ಟಿನ ಕತ್ತರಿ ನೆನೆದ ಹಪ್ಪಳದಂತೆ ಬಾಗಿತು. ಮಂಚಯ್ಯ ಅರ್ಧ ಕೆಲಸ ಮಾಡುವ ಆಸಾಮಿಯಲ್ಲ. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕುಯ್ದು ಹಾಗೇ ಬಂದಿದ್ದ; ಸೊಂಟದಿಂದ ಕುಡುಗೋಲು ತೆಗೆದ. ಒಂದು, ಎರಡು, ಮೂರು ಹಗ್ಗ ಹೋದವು. ಸೀರೆಯ ಮಬ್ಬಿನಲ್ಲಿ ಅವನ ಕೈಗೆ ಸಿಕ್ಕ ನಾಲ್ಕನೆಯದು ಶಾಮಿಯಾನದ್ದು.

ಕಂಬ ವಾಲಿತು. ಚಂದ್ರಂಕಿಗಳು ಅನಂತರಾಜುವಿನ ಮೇಲೆ, ಅವುಗಳ ಮೇಲೆ ಶಾಮಿಯಾನ, ಶಾಮಿಯಾನದ ಅಡಿಯಲ್ಲಿ ನೂರಾ ಮೂವತ್ತು ಓಟು. ಬಟ್ಟೆಯ ಕೆಳಗಿನಿಂದ ಎದ್ದ ನಗು ಪಕ್ಕದ ಊರಿಗೂ ಕೇಳಿಸಿರಬೇಕು. ಆಗಲೂ ಎಲ್ಲಿಂದಲೋ ಡಾಕ್ಟರಮ್ಮನ ದನಿ ಬರುತ್ತಿತ್ತು: "ಜೀವಕೋಶ ಕುಸಿಯೋದು ಹೀಗೇ! ಸೋಪು ಹಾಕಿ ಕೈ ತೊಳೀರಿ! ಬಾಗಿಲಿಗೆ ಬಂದು ಸಿಹಿ ಮಾತಾಡಿದ್ರೆ ನಂಬಬೇಡಿ!"

ಅನಂತರಾಜುವನ್ನು ಎಳೆದು ಹೊರತೆಗೆದವನು ಮಂಚಯ್ಯನೇ. ಅವನ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಊದಿದ್ದ ಬುಗುಟು ನೋಡಿ ಮಂಚಯ್ಯನ ಕರುಳು ಚುರ್ ಎಂದಿತು.

"ಅಣ್ಣಾ, ನಾಟ್ಕಕ್ಕೇ ಇಟ್ರೂ ಆಣೆ ಆಣೆನೇ. ನಾಮಪತ್ರ ವಾಪಸ್ ತಗಳ್ಳೋ ದಿನ ಮುಗ್ದೋಗೈತೆ. ಆದ್ರೆ ಈಗ್ಲೇ ಮನೆಮನೆಗೂ ಓಗಿ ನಿಂಗೇ ಓಟಾಕಿ ಅಂತೀನಿ."

ಹೇಳಿದಂತೆಯೇ ನಡೆದುಕೊಂಡ. ಸರಸಮ್ಮ ಹಣೆಗೆ ಶಾಖ ಕೊಡುತ್ತಿದ್ದರೆ ಅನಂತರಾಜು ಜಗಲಿಯಲ್ಲಿ ಒರಗಿ, ಎದುರಾಳಿ ಮನೆಯಿಂದ ಮನೆಗೆ ಕೈಮುಗಿಯುತ್ತ ಹೋಗುವುದನ್ನು ಕಣ್ತುಂಬ ನೋಡಿದ. ನೋವು ಎಲ್ಲಿ ಹೋಯಿತೋ! ಸಂಜೆ ಒಂದು ಸುತ್ತು ಹೊರಟು ಮುನಿಯಮ್ಮಜ್ಜಿಯ ಮನೆ ಮುಂದೆ ನಿಂತ.

"ಅಜ್ಜಿ, ಮಂಚಯ್ಯ ಬಂದಿದ್ನಾ?"

"ಬಂದಿದ್ದ ಕಣಪ್ಪ. ನಿಂಗೇ ಓಟಾಕು ಅಂತ ಕಾಲಿಗ್ ಬಿದ್ದ. ಏನ್ ಸಿಹಿ ಮಾತು ಅಂತೀಯ!"

"ನೀವೇನಂದ್ರಿ?"

"ನಾವೇನ್ ದಡ್ಡರಾ? ಡಾಕ್ಟ್ರಮ್ಮ ಅಷ್ಟು ಬಡ್ಕಂಡ್ಳಲ್ಲ, ಸಿಹಿ ಮಾತು ನಂಬಬ್ಯಾಡಿ ಅಂತ. ಅವನು ನಿಂಗಾಕಿ ಅಂದ ಅಂದ್ರೆ ಅದ್ರಲ್ಲೇನೋ ಮಸಲತ್ತು ಐತೆ. ಅದ್ಕೇ ಊರೋರೆಲ್ಲ ಸೇರಿ, ಅವನ ಮಾತು ಕೇಳಾದೇ ಬ್ಯಾಡ ಅಂತ ತೀರ್ಮಾನ ಮಾಡ್ಬುಟ್ವಿ. ಓಟು ಅವನಿಗೇ ಹಾಕ್ತೀವಿ."

"ಅಯ್ಯೋ ಅಜ್ಜಿ, ಅವನು ನಿಜ್ವಾಗ್ಲೂ ನನ್ ಪರವಾಗಿ..."

ಮುನಿಯಮ್ಮಜ್ಜಿ ಅವನ ಹಣೆಯ ಬುಗುಟನ್ನು ಕನಿಕರದಿಂದ ಸವರಿದಳು. "ಪಾಪ! ಬೆಳಿಗ್ಗೆ ನಂಬಿ ಬಿದ್ದಿದ್ದು ಸಾಲ್ದಾ? ಮತ್ತೆ ನಂಬ್ಬುಟ್ಯಾ?"

ನಾಲ್ಕನೇ ದಿನ ಓಟು ಎಣಿಸಿದರು. ಮಂಚಯ್ಯ ಗೆದ್ದ. ಅನಂತರಾಜುವಿಗೆ ಬಿದ್ದಿದ್ದು ಎರಡು ಓಟು. ಒಂದು ಅವನದೇ, ಇನ್ನೊಂದು ಮಂಚಯ್ಯನದು.